ರುಬ್ಬುವ ಕಲ್ಲಿನಿಂದ ಹಿಟ್ಟಿನ ಪೊಟ್ಟಣದವರೆಗೆ

ಅಕ್ಕಿ, ಉದ್ದಿನಬೇಳೆ, ಚಿಟಿಕೆ ಮೆಂತ್ಯ, ಉಪ್ಪು, ನೀರು. ದೋಸೆ ಹಿಟ್ಟಿಗೆ ಬೇಕಾದುದು ಇಷ್ಟೇ. ಇವುಗಳಲ್ಲಿ ಯಾವುದೂ ಸಿಗದ ವಸ್ತುವಲ್ಲ. ಮಾಡುವ ವಿಧಾನವೂ ಗುಟ್ಟಿನದಲ್ಲ. ಹಾಗಿದ್ದರೂ ಬೆಂಗಳೂರಿನ ಯಾವುದೇ ಬಡಾವಣೆಯ ದಿನಸಿ ಅಂಗಡಿಗೆ ಹೋದರೂ ಹಾಲು, ಮೊಸರಿನ ಪಕ್ಕದಲ್ಲೇ ರುಬ್ಬಿದ ಹಿಟ್ಟಿನ ಪೊಟ್ಟಣಗಳು ಕಾಣುತ್ತವೆ. ಒಂದು ಕಿಲೋ ಹಿಟ್ಟಿನಲ್ಲಿ ಅರ್ಧದಷ್ಟಾದರೂ ಇರುವುದು ನೀರು. ಆ ನೀರಿಗೂ ಸೇರಿಸಿಯೇ ಗಿರಾಕಿ ಹಣ ತೆರುತ್ತಾನೆ. ‘ಮನೆಯಲ್ಲಿ ಸುಲಭವಾಗಿ ಮಾಡಿಕೊಳ್ಳಬಹುದಾದ ಪದಾರ್ಥಕ್ಕೆ ಅಂಗಡಿಯಲ್ಲಿ ದುಡ್ಡು ಸುರಿಯುವುದೇಕೆ?’ ಎಂಬ ಮಾತು ಹಿರಿಯರ ಬಾಯಲ್ಲಿ ಆಗಾಗ ಕೇಳಿಬರುವುದು ಇದೇ ಕಾರಣಕ್ಕೆ.

ಪ್ರಶ್ನೆ ನ್ಯಾಯವಾದುದೇ. ಆದರೆ ಅದರಲ್ಲಿರುವ ‘ಸುಲಭ’ ಎಂಬ ಪದವನ್ನು ಸ್ವಲ್ಪ ಪರೀಕ್ಷಿಸಿ ನೋಡಬೇಕಾಗಿದೆ. ಅದು ಸುಲಭವಾಗಿದ್ದುದು ಯಾರಿಗೆ? ತಿನ್ನುವವರಿಗೋ, ರುಬ್ಬುವವರಿಗೋ? ಹಿಟ್ಟಿನ ಪೊಟ್ಟಣ ನಮ್ಮ ಅಡುಗೆಮನೆಗೆ ಬಂದ ದಾರಿಯನ್ನು ಹಿಂದಿರುಗಿ ನೋಡಿದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಲೆಕ್ಕಕ್ಕೆ ಸಿಗದ ಕೆಲಸ

ವಿದ್ಯುತ್ ಯಂತ್ರಗಳು ಬರುವುದಕ್ಕೆ ಮೊದಲು ಮರುದಿನದ ದೋಸೆಯ ಕೆಲಸ ಹಿಂದಿನ ದಿನ ಬೆಳಿಗ್ಗೆಯೇ ಆರಂಭವಾಗುತ್ತಿತ್ತು. ಅಕ್ಕಿ ಮತ್ತು ಉದ್ದನ್ನು ಬೇರೆ ಬೇರೆಯಾಗಿ ನಾಲ್ಕಾರು ಗಂಟೆ ನೆನೆಹಾಕಬೇಕು. ಸಂಜೆ ಒರಳಿನ ಮುಂದೆ ಕುಳಿತು ಗುಂಡುಕಲ್ಲು ತಿರುಗಿಸಬೇಕು. ಒಂದು ಕೈ ಕಲ್ಲನ್ನು ತಿರುಗಿಸಿದರೆ ಇನ್ನೊಂದು ಕೈ ಹಿಟ್ಟನ್ನು ಒಳಕ್ಕೆ ತಳ್ಳುತ್ತಿರಬೇಕು. ಉದ್ದು ನುಣ್ಣಗೆ ಅರೆದು ಉಬ್ಬಬೇಕು. ಒಂದು ಚೂರು ಹಿಟ್ಟನ್ನು ನೀರಿಗೆ ಬಿಟ್ಟಾಗ ತೇಲಿದರೆ ಹದ ಬಂತೆಂದು ಅರ್ಥ. ಅನಂತರ ಅಕ್ಕಿಯ ಸರದಿ. ಎರಡನ್ನೂ ಬೆರೆಸಿ, ಉಪ್ಪು ಹಾಕಿ, ಪಾತ್ರೆ ಮುಚ್ಚಿಟ್ಟು, ಒರಳು ತೊಳೆದು ಏಳುವ ಹೊತ್ತಿಗೆ ರಾತ್ರಿಯ ಅಡುಗೆಗೆ ತಡವಾಗಿರುತ್ತಿತ್ತು. ಬೆಂಗಳೂರು, ಕೊಡಗು, ಮಲೆನಾಡಿನ ಚಳಿಗಾಲದಲ್ಲಿ ಹಿಟ್ಟು ಹುದುಗದೆ ಸತಾಯಿಸುವುದೂ ಉಂಟು. ಆಗ ಪಾತ್ರೆಗೆ ಕಂಬಳಿ ಹೊದಿಸುವುದು, ಒಲೆಯ ಬೆಚ್ಚನೆಯ ಮಗ್ಗುಲಲ್ಲಿಡುವುದು ಎಲ್ಲ ಗೃಹಿಣಿಯರಿಗೂ ಗೊತ್ತಿದ್ದ ಉಪಾಯ.

ಹುದುಗುವುದೆಂದರೆ ಹಿಟ್ಟಿನಲ್ಲಿ ಲಕ್ಷಾಂತರ ಸೂಕ್ಷ್ಮಜೀವಿಗಳು ಕೆಲಸ ಮಾಡುವುದು. ಬೇಳೆಯ ಮೇಲೆ ಸಹಜವಾಗಿಯೇ ಇರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು, ಅವುಗಳಲ್ಲೂ ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಎಂಬ ಬಗೆಯವು, ಹಿಟ್ಟಿಗೆ ಹುಳಿಯನ್ನೂ ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ ಕೊಡುತ್ತವೆ. ಉದ್ದಿನ ಲೋಳೆ ಆ ಅನಿಲವನ್ನು ಹೊರಹೋಗಲು ಬಿಡದೆ ಹಿಡಿದಿಡುತ್ತದೆ. ಹಿಟ್ಟು ಕಾವಲಿಗೆ ಬಿದ್ದಾಗ ಅನಿಲ ಹೊರಬಂದು ತೂತುಗಳಾಗುತ್ತವೆ. ‘ಎಲ್ಲರ ಮನೆ ದೋಸೆಯೂ ತೂತೇ’ ಎಂದು ಗಾದೆ ಹೇಳುವುದು ಮನೆಮನೆಯ ಕೊರತೆಗಳ ಬಗ್ಗೆ. ಆದರೆ ಅಡುಗೆಯ ಮಟ್ಟಿಗೆ ತೂತು ಕೊರತೆಯಲ್ಲ. ಹಿಟ್ಟು ಚೆನ್ನಾಗಿ ಹುದುಗಿದೆ ಎಂಬುದಕ್ಕೆ ಗುರುತು.

ಈ ಕೆಲಸಕ್ಕೆ ಕೂಲಿ ಇರಲಿಲ್ಲ. ಕೂಲಿ ಇಲ್ಲದ್ದರಿಂದ ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಯಾರೂ ಲೆಕ್ಕ ಇಡಲಿಲ್ಲ. ಲೆಕ್ಕ ಇಡದ ಕೆಲಸ ನೋಡುವವರಿಗೆ ಸುಲಭವಾಗಿಯೇ ಕಂಡಿತು.

ಬೀಸುಕಲ್ಲು ಮೌನವಾದಾಗ

ಮನೆಯಲ್ಲೇ ಮಾಡಬಹುದಾದುದಕ್ಕೆ ಹಣ ಕೊಡುವ ರೂಢಿ ಪೊಟ್ಟಣದಿಂದ ಆರಂಭವಾದುದಲ್ಲ. ದೋಸೆಗೆ ಮೊದಲೇ ರಾಗಿ ಮತ್ತು ಜೋಳ ಈ ದಾರಿ ಹಿಡಿದಿದ್ದವು. ಒಂದು ಕಾಲಕ್ಕೆ ಹಳ್ಳಿಯ ಹೆಂಗಸರು ಕೋಳಿ ಕೂಗುವ ಮುನ್ನ ಎದ್ದು ಬೀಸುಕಲ್ಲಿನಲ್ಲಿ ಅಂದಂದಿನ ಹಿಟ್ಟನ್ನು ಅಂದೇ ಬೀಸಿಕೊಳ್ಳುತ್ತಿದ್ದರು. ಆ ದಣಿವನ್ನು ಮರೆಯಲು ಹಾಡಿದ ಪದಗಳೇ ಕನ್ನಡ ಜನಪದ ಸಾಹಿತ್ಯದ ದೊಡ್ಡ ಭಂಡಾರವಾಯಿತು. ಹಲಸಂಗಿ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನದ ಅನೇಕ ತ್ರಿಪದಿಗಳು ಬೀಸುಕಲ್ಲಿನ ಮುಂದೆ ಹುಟ್ಟಿದವು.

ಅನಂತರ ಊರೂರಿಗೆ ಹಿಟ್ಟಿನ ಗಿರಣಿ ಬಂತು. ಮೊದಲು ಎಣ್ಣೆಯ ಎಂಜಿನ್ನು, ಆಮೇಲೆ ವಿದ್ಯುತ್ತು. ಡಬ್ಬಿಯಲ್ಲಿ ಕಾಳು ಹೊತ್ತು ಹೋಗಿ ಬಿಡಿಗಾಸು ಕೊಟ್ಟು ಹಿಟ್ಟು ತರುವುದು ರೂಢಿಯಾಯಿತು. ಬೀಸುಕಲ್ಲು ಮೂಲೆ ಸೇರಿತು. ಹಾಡುಗಳೂ ಅದರೊಂದಿಗೆ ಹೋದವು. ಅದು ನಷ್ಟವೇ. ಆದರೂ ಗಿರಣಿಗೆ ಹೋಗುವ ಹೆಂಗಸನ್ನು ಇಂದು ಯಾರೂ ಸೋಮಾರಿ ಎನ್ನುವುದಿಲ್ಲ. ‘ರಾಗಿಯನ್ನು ಮನೆಯಲ್ಲೇ ಬೀಸಿಕೊಳ್ಳಬಹುದಲ್ಲ’ ಎಂದು ಯಾರೂ ಕೇಳುವುದಿಲ್ಲ. ಕಾಫಿ ಬೀಜವನ್ನು ಮನೆಯಲ್ಲೇ ಹುರಿದು ಪುಡಿ ಮಾಡುತ್ತಿದ್ದ ಕುಟುಂಬಗಳು ಅಂಗಡಿಯ ಪುಡಿಗೆ ಒಗ್ಗಿಕೊಂಡಾಗಲೂ ಹೀಗೆಯೇ ಆಯಿತು. ಒಂದು ತಲೆಮಾರು ‘ಅನಗತ್ಯ ಖರ್ಚು’ ಎಂದುದನ್ನು ಮುಂದಿನ ತಲೆಮಾರು ಖರ್ಚಿನ ಪಟ್ಟಿಯಲ್ಲೇ ಗಮನಿಸುವುದಿಲ್ಲ.

ಬದಲಾಗುತ್ತಲೇ ಬಂದ ಇಡ್ಲಿ

ಹಿಟ್ಟಿನ ಪೊಟ್ಟಣದಿಂದ ‘ಸಂಪ್ರದಾಯ’ ಕೆಟ್ಟಿತೆಂಬ ಮಾತೂ ಇದೆ. ಆದರೆ ಇಡ್ಲಿಯ ಸಂಪ್ರದಾಯ ಎಂದೂ ಒಂದೇ ಕಡೆ ನಿಂತಿರಲಿಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರು ಮತ್ತು ಮಸಾಲೆ ಬೆರೆಸುವ ವಿವರಣೆ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೂ ಇದೇ ಬಗೆಯ ತಿನಿಸಿನ ಪ್ರಸ್ತಾಪ ಬರುತ್ತದೆ. ಈ ಹಳೆಯ ವಿವರಣೆಗಳಲ್ಲಿ ಅಕ್ಕಿಯೇ ಇಲ್ಲ, ರಾತ್ರಿಯಿಡೀ ಹುದುಗಿಸುವ ಮಾತೂ ಇಲ್ಲ ಎಂಬುದನ್ನು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಗುರುತಿಸಿದ್ದರು. ಇಂದು ನಾವು ‘ಅಜ್ಜಿಯ ಕಾಲದ್ದು’ ಎನ್ನುವ ಇಡ್ಲಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು.

ಇಪ್ಪತ್ತನೆಯ ಶತಮಾನದ ಒಂದು ದೊಡ್ಡ ಬದಲಾವಣೆ ಬಂದುದು ಯುದ್ಧದಿಂದ. 1942ರಲ್ಲಿ ಜಪಾನೀ ಸೇನೆ ಬರ್ಮಾವನ್ನು ಆಕ್ರಮಿಸಿಕೊಂಡಿತು. ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯ ಅಭಾವದ ಆ ದಿನಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ಬಳಿಯ ಒಂದು ಉಪಾಹಾರ ಗೃಹ ಅಕ್ಕಿಗೆ ಬದಲಾಗಿ ರವೆಯಿಂದ ಇಡ್ಲಿ ಮಾಡಿ ನೋಡಿತು. ಪರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಆರಂಭಿಸಿ, 1960ರಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರು ಬದಲಿಸಿದ ಎಂಟಿಆರ್ ಅದು. ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲೇ ಎಂದು ಎಂಟಿಆರ್ ಹೇಳಿಕೊಳ್ಳುತ್ತ ಬಂದಿದೆ.

ರವೆ ಇಡ್ಲಿಯ ವಿಶೇಷ ಅಕ್ಕಿಯ ಉಳಿತಾಯ ಮಾತ್ರವಲ್ಲ. ಅದಕ್ಕೆ ರುಬ್ಬುವುದೂ ಬೇಡ, ರಾತ್ರಿಯಿಡೀ ಕಾಯುವುದೂ ಬೇಡ. ಹುರಿದ ರವೆಗೆ ಮೊಸರು, ಅಡುಗೆ ಸೋಡಾ ಸೇರಿಸಿದರೆ ಮೊಸರಿನ ಹುಳಿ ಮತ್ತು ಸೋಡಾ ಕೂಡಿ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ಸೂಕ್ಷ್ಮಜೀವಿಗಳು ಒಂದು ರಾತ್ರಿಯಲ್ಲಿ ಮಾಡುವ ಕೆಲಸವನ್ನು ಸೋಡಾ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಅಭಾವಕ್ಕೆ ಪರಿಹಾರವಾಗಿ ಹುಟ್ಟಿದ ಈ ತಿನಿಸಿನಲ್ಲಿ ಮುಂದಿನ ಪೊಟ್ಟಣದ ಬೀಜವಿತ್ತು. ರವೆ ಒಣ ಪದಾರ್ಥ, ಸೋಡಾವೂ ಒಣದು. ಎರಡನ್ನೂ ಬೆರೆಸಿ ಚೀಲದಲ್ಲಿ ತುಂಬಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಕಾರ್ಖಾನೆಯ ಗಂಟೆ, ಅಡುಗೆಮನೆಯ ಗಂಟೆ

ಪೊಟ್ಟಣಕ್ಕೆ ಮೊದಲು ಯಂತ್ರ ಬಂತು. ಕೊಯಮತ್ತೂರಿನಲ್ಲಿ 1955ರ ಸುಮಾರಿಗೆ ಪಿ. ಸಭಾಪತಿ ಎಂಬುವರು ವಿದ್ಯುತ್ತಿನಿಂದ ತಿರುಗುವ ರುಬ್ಬುವ ಯಂತ್ರವನ್ನು ರೂಪಿಸಿದರು. ಮಿಕ್ಸಿಯ ಬ್ಲೇಡು ಹಿಟ್ಟನ್ನು ಬಿಸಿ ಮಾಡುತ್ತದೆ. ಗ್ರೈಂಡರಿನ ಕಲ್ಲು ನಿಧಾನವಾಗಿ ಅರೆಯುವುದರಿಂದ ಹಿಟ್ಟು ತಂಪಾಗಿಯೇ ಇದ್ದು ಚೆನ್ನಾಗಿ ಉಬ್ಬುತ್ತದೆ. ಮೊದಲು ಹೋಟೆಲುಗಳಿಗೆ ಬಂದ ಗ್ರೈಂಡರ್ ಮುಂದೆ ಚಿಕ್ಕದಾಗುತ್ತ ಮನೆಗಳಿಗೂ ಬಂತು. ತೋಳಿನ ನೋವನ್ನು ಯಂತ್ರ ತೆಗೆದುಕೊಂಡಿತು. ನೆನೆಹಾಕುವುದು, ತೊಳೆಯುವುದು, ಕಾಯುವುದು ಮಾತ್ರ ಗೃಹಿಣಿಗೇ ಉಳಿದವು.

ಇದೇ ಕಾಲದಲ್ಲಿ ಬೆಂಗಳೂರು ಬದಲಾಗುತ್ತಿತ್ತು. ಎಚ್‌ಎಎಲ್ (1940), ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಕಾರ್ಖಾನೆಗಳು ಊರಿನ ಸುತ್ತ ತಲೆ ಎತ್ತಿದವು. ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ 1961ರಲ್ಲಿ ಆರಂಭವಾದಾಗ ಸಣ್ಣ ಸಣ್ಣ ಭಾಗಗಳನ್ನು ಜೋಡಿಸುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳಲಾಯಿತು. ಬ್ಯಾಂಕು, ಶಾಲೆ, ಕಚೇರಿಗಳಿಗೂ ಮಹಿಳೆಯರು ಬಂದರು. ಕೂಡುಕುಟುಂಬ ಒಡೆದು ಗಂಡ, ಹೆಂಡತಿ, ಮಕ್ಕಳ ಪುಟ್ಟ ಮನೆಗಳಾದವು. ಒರಳಿನ ಕೆಲಸವನ್ನು ಹಂಚಿಕೊಳ್ಳುತ್ತಿದ್ದ ಅತ್ತೆ, ನಾದಿನಿ, ಓರಗಿತ್ತಿಯರು ಆ ಮನೆಗಳಲ್ಲಿರಲಿಲ್ಲ. ಆದರೆ ಬೆಳಗಿನ ತಿಂಡಿಯ ನಿರೀಕ್ಷೆ ಮೊದಲಿನಂತೆಯೇ ಇತ್ತು. ನಾಲ್ವರು ಹೆಂಗಸರ ಕೆಲಸ ಒಬ್ಬಳ ಪಾಲಿಗೆ ಬಂತು. ಅವಳೂ ಒಂಬತ್ತಕ್ಕೆ ಬಸ್ ಹಿಡಿಯಬೇಕಾದವಳು.

ತುರ್ತುಸ್ಥಿತಿಯ ಕೊಡುಗೆ

ಒಣ ಮಿಶ್ರಣಗಳ ವ್ಯಾಪಾರಕ್ಕೆ ಭಾರತದಲ್ಲಿ ಆಗಲೇ ನಾಂದಿಯಾಗಿತ್ತು. ಪುಣೆಯ ಗಿಟ್ಸ್ ಕಂಪನಿ ಆರಂಭವಾದುದು 1963ರಲ್ಲಿ. ಆದರೆ ಬೆಂಗಳೂರಿನಲ್ಲಿ ಅದಕ್ಕೆ ಬಿರುಸು ಬಂದುದು ಒಂದು ರಾಜಕೀಯ ಘಟನೆಯಿಂದ. 1975ರ ಜೂನ್‌ನಲ್ಲಿ ದೇಶದಲ್ಲಿ ತುರ್ತುಸ್ಥಿತಿ ಜಾರಿಗೆ ಬಂತು. ಹೋಟೆಲುಗಳ ತಿಂಡಿ ತೀರ್ಥಗಳ ಬೆಲೆಯನ್ನು ಸರ್ಕಾರವೇ ನಿಗದಿ ಮಾಡಿತು. ಆ ಬೆಲೆಗೆ ತುಪ್ಪ, ಗೋಡಂಬಿ ಹಾಕಿ ಹಳೆಯ ಗುಣಮಟ್ಟದಲ್ಲೇ ತಿಂಡಿ ಕೊಡುವುದು ಎಂಟಿಆರ್‌ಗೆ ಕಷ್ಟವಾಯಿತು. ಮಾಲೀಕರು ಬೇರೆ ದಾರಿ ಹುಡುಕಿದರು. ಬಡಿಸಿದ ತಿಂಡಿಯ ಬದಲು ತಿಂಡಿಯ ಮಿಶ್ರಣವನ್ನು, ಸಾರು ಹುಳಿಗಳ ಪುಡಿಯನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಬೆಲೆ ನಿಯಂತ್ರಣದಿಂದ ಹೋಟೆಲ್ ಪಟ್ಟ ಪಾಡು ಗೃಹಿಣಿಗೆ ಹೀಗೆ ಅನುಕೂಲವಾಗಿ ಪರಿಣಮಿಸಿತು.

ಮುಂದೆ ಸದಾನಂದ ಮಯ್ಯರ ನೇತೃತ್ವದಲ್ಲಿ ಈ ಪೊಟ್ಟಣದ ವ್ಯಾಪಾರ ಹೋಟೆಲಿಗಿಂತ ದೊಡ್ಡದಾಗಿ ಬೆಳೆಯಿತು. ಅದಕ್ಕೆ ಮೈಸೂರಿನ ನೆರವೂ ಸಿಕ್ಕಿತು. ಗಡಿಯಲ್ಲಿರುವ ಸೈನಿಕರ ಊಟಕ್ಕಾಗಿ 1961ರಲ್ಲಿ ಅಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಬೇಯಿಸಿದ ಅಡುಗೆಯನ್ನು ಹಲವು ಪದರಗಳ ಚೀಲದಲ್ಲಿ ಮುಚ್ಚಿ, ಒತ್ತಡದಲ್ಲಿ ಕಾಯಿಸಿ, ರಾಸಾಯನಿಕವಿಲ್ಲದೆ ತಿಂಗಳುಗಟ್ಟಲೆ ಕೆಡದಂತಿಡುವ ವಿಧಾನವನ್ನು ಅಭಿವೃದ್ಧಿಪಡಿಸಿತ್ತು. ಸೈನಿಕನಿಗಾಗಿ ಕಂಡುಹಿಡಿದ ತಂತ್ರದಿಂದಲೇ ಬಿಸಿಬೇಳೆಭಾತ್ ವಿಮಾನ ಹತ್ತಿ ಅಮೆರಿಕದ ಕನ್ನಡಿಗರ ಮನೆಗೂ ಹೋಯಿತು. 2007ರಲ್ಲಿ ಎಂಟಿಆರ್‌ನ ಪೊಟ್ಟಣದ ಉದ್ಯಮವನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ಲಾಲ್‌ಬಾಗ್ ರಸ್ತೆಯ ಹೋಟೆಲ್ ಮಾತ್ರ ಮಯ್ಯ ಕುಟುಂಬದಲ್ಲೇ ಉಳಿಯಿತು.

ಮೊಟ್ಟೆಯ ಕಥೆ, ಮೊಸರಿನ ಪಾಲು

ಸಿದ್ಧ ಮಿಶ್ರಣ ಕೊಳ್ಳುವವರಿಗೆ ಒಂದು ಬಗೆಯ ಅಳುಕು ಇರುತ್ತದೆ ಎಂಬುದು ಜಾಹೀರಾತಿನವರಿಗೆ ಬಹು ಹಿಂದೆಯೇ ಗೊತ್ತಿತ್ತು. ಅಮೆರಿಕದಲ್ಲಿ ಇದರ ಬಗ್ಗೆ ಒಂದು ಪ್ರಸಿದ್ಧ ಕಥೆಯೇ ಇದೆ. 1950ರ ದಶಕದಲ್ಲಿ ಕೇಕ್ ಮಿಶ್ರಣ ಸರಿಯಾಗಿ ಮಾರಾಟವಾಗದಿದ್ದಾಗ ಅರ್ನೆಸ್ಟ್ ಡಿಕ್ಟರ್ ಎಂಬ ಮನೋವಿಜ್ಞಾನಿ, ಗೃಹಿಣಿಗೂ ಒಂದು ಕೆಲಸ ಬಿಡಿ, ಮೊಟ್ಟೆಯನ್ನು ಅವಳೇ ಒಡೆದು ಹಾಕಲಿ ಎಂದನಂತೆ; ಕೂಡಲೇ ಮಾರಾಟ ಏರಿತಂತೆ. ಕಥೆ ಪೂರ್ತಿ ನಿಜವಲ್ಲ. ತಾಜಾ ಮೊಟ್ಟೆ ಸೇರಿಸುವ ಮಿಶ್ರಣವನ್ನು ಪಿಟ್ಸ್‌ಬರ್ಗ್‌ನ ಡಫ್ ಕಂಪನಿ 1930ರ ದಶಕದಲ್ಲೇ ತಂದಿತ್ತು. ಮೊಟ್ಟೆಯ ಪುಡಿಗಿಂತ ತಾಜಾ ಮೊಟ್ಟೆ ಹಾಕಿದ ಕೇಕೇ ರುಚಿಯಾಗಿದ್ದುದೂ ನಿಜ. ಆದರೂ ಕಥೆ ಉಳಿದುಕೊಂಡಿದ್ದಕ್ಕೆ ಕಾರಣವಿದೆ. ಅಡುಗೆಯಲ್ಲಿ ತನ್ನ ಕೈಯೂ ಇರಬೇಕೆಂಬ ಆಸೆ ಎಲ್ಲ ದೇಶಗಳಲ್ಲೂ ಇರುವಂಥದು.

ನಮ್ಮ ರವೆ ಇಡ್ಲಿ ಮಿಶ್ರಣಕ್ಕೂ ಮೊಸರನ್ನು ಮನೆಯವರೇ ಸೇರಿಸಬೇಕು. ಮೇಲಿಷ್ಟು ಕೊತ್ತಂಬರಿ, ಒಂದು ಗೋಡಂಬಿ ಇಟ್ಟರೆ ಅದು ‘ಮನೆಯ ತಿಂಡಿ’ ಆಗುತ್ತದೆ. ಹಿಟ್ಟು ಅಂಗಡಿಯದಾದರೂ ದೋಸೆ ಹುಯ್ಯುವುದು ಮನೆಯ ಕಾವಲಿಯ ಮೇಲೆಯೇ. ಬೇಸರದ ಕೆಲಸವನ್ನು ಮಾರಿಬಿಟ್ಟು ಕೈಚಳಕದ ಕೆಲಸವನ್ನು ಉಳಿಸಿಕೊಂಡ ಜಾಣತನ ಇದರಲ್ಲಿದೆ.

ಒದ್ದೆ ಹಿಟ್ಟಿನ ಕಾಲ

ಒಣ ಮಿಶ್ರಣಕ್ಕಿಂತ ಒದ್ದೆ ಹಿಟ್ಟಿನ ವ್ಯಾಪಾರ ಕಷ್ಟದ್ದು. ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ಬದುಕಿರುತ್ತವೆ. ಪೊಟ್ಟಣದೊಳಗೂ ಅದು ಹುದುಗುತ್ತಲೇ ಇರುತ್ತದೆ. ತಂಪು ತಪ್ಪಿದರೆ ಪೊಟ್ಟಣ ಉಬ್ಬುತ್ತದೆ, ಹುಳಿ ಏರುತ್ತದೆ. ಹೀಗಾಗಿ ಬಹುಕಾಲ ಇದು ಬಡಾವಣೆಯ ಮಟ್ಟದ ವ್ಯವಹಾರವೇ ಆಗಿತ್ತು. ಗ್ರೈಂಡರ್ ಇದ್ದ ಮನೆಯವರು ರುಬ್ಬಿ, ಪ್ಲಾಸ್ಟಿಕ್ ಚೀಲಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಪಕ್ಕದ ಅಂಗಡಿಯಲ್ಲಿಡುತ್ತಿದ್ದರು. 2005ರಲ್ಲಿ ವಯನಾಡಿನಿಂದ ಬಂದ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು ಬೆಂಗಳೂರಿನಲ್ಲಿ ಐಡಿ ಫ್ರೆಶ್ ಫುಡ್ ಆರಂಭಿಸಿದ್ದು ಇಂಥ ಚೀಲವನ್ನು ನೋಡಿಯೇ. ಮನೆಮನೆಗೆ ಫ್ರಿಜ್ ಬಂದುದು, ಅಂಗಡಿಗಳಲ್ಲಿ ತಂಪು ಪೆಟ್ಟಿಗೆ ಇಟ್ಟುದು, ಮಾಹಿತಿ ತಂತ್ರಜ್ಞಾನದ ಉದ್ಯೋಗಕ್ಕಾಗಿ ಲಕ್ಷಾಂತರ ಯುವಕ ಯುವತಿಯರು ಬಾಡಿಗೆ ಕೋಣೆಗಳಿಗೆ ಬಂದುದು ಇವೆಲ್ಲ ಸೇರಿ ಹಿಟ್ಟು ದೊಡ್ಡ ಉದ್ಯಮವಾಯಿತು. ಇಂದು ಅದು ದುಬೈಯ ಅಂಗಡಿಗಳಲ್ಲೂ ಸಿಗುತ್ತದೆ.

ಅಡುಗೆ ಎಲ್ಲಿ ಮುಗಿಯುತ್ತದೆ, ಕೈಗಾರಿಕೆ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆ ತೆರಿಗೆ ಅಧಿಕಾರಿಗಳನ್ನೂ ಕಾಡಿತು. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಇಡ್ಲಿ, ದೋಸೆ ಹಿಟ್ಟಿಗೆ ಶೇ 12ರ ತೆರಿಗೆ ಬಿತ್ತು. ಆಕ್ಷೇಪ ಬಂದು ಅದೇ ಸೆಪ್ಟೆಂಬರ್‌ನಲ್ಲಿ ಶೇ 5ಕ್ಕೆ ಇಳಿಯಿತು. ಒಣ ಮಿಶ್ರಣಕ್ಕೆ ಮಾತ್ರ ಶೇ 18 ಎಂದು 2021ರಲ್ಲಿ ತಮಿಳುನಾಡಿನ ತೆರಿಗೆ ಪ್ರಾಧಿಕಾರ ಹೇಳಿತು. ಅಂದರೆ ನೀರು ಸೇರಿಸಿದ ಹಿಟ್ಟಿಗೆ ಒಂದು ದರ, ನೀರು ಸೇರಿಸಬೇಕಾದ ಹಿಟ್ಟಿಗೆ ಇನ್ನೊಂದು! 2020ರಲ್ಲಿ ಕರ್ನಾಟಕದ ಪ್ರಾಧಿಕಾರ ಪೊಟ್ಟಣದ ಪರೋಟಾವನ್ನು ತಿನ್ನುವ ಮೊದಲು ಬಿಸಿ ಮಾಡಬೇಕಾದ್ದರಿಂದ ಅದು ರೊಟ್ಟಿಯ ಸಾಲಿಗೆ ಸೇರುವುದಿಲ್ಲ, ಶೇ 18 ತೆರಿಗೆ ಕೊಡಬೇಕು ಎಂದಾಗ ದೇಶವೇ ನಕ್ಕಿತು. 2025ರ ಸೆಪ್ಟೆಂಬರ್‌ನ ಪರಿಷ್ಕರಣೆಯಲ್ಲಿ ಪರೋಟಾದ ಮೇಲಿನ ತೆರಿಗೆಯೇ ರದ್ದಾಯಿತು.

ಕೊಳ್ಳುವ ಕೈ, ಮಾಡುವ ಕೈ

ಪೊಟ್ಟಣದ ಇನ್ನೊಂದು ತುದಿಯಲ್ಲಿರುವವರನ್ನೂ ಮರೆಯುವಂತಿಲ್ಲ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಮನೆಯ ಮಾಳಿಗೆಯ ಮೇಲೆ ಹಪ್ಪಳ ಒತ್ತಿದರು. ಅಂದು ಅವರು ಮಾರಿದ್ದು ನಾಲ್ಕು ಪೊಟ್ಟಣ. ಅದೇ ಮುಂದೆ 40 ಸಾವಿರಕ್ಕೂ ಹೆಚ್ಚು ಮಹಿಳೆಯರ ‘ಲಿಜ್ಜತ್’ ಸಂಸ್ಥೆಯಾಯಿತು. ಸ್ಥಾಪಕರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಹಪ್ಪಳ ಅವರಿಗೆ ಹೊಸ ವಿದ್ಯೆಯಲ್ಲ. ಪ್ರತಿ ಬೇಸಿಗೆಯಲ್ಲೂ ಮನೆಯವರಿಗಾಗಿ ಪುಕ್ಕಟೆ ಮಾಡುತ್ತಿದ್ದುದೇ. ಅದಕ್ಕೆ ಬೆಲೆ ಬಂದುದು ಮಾತ್ರ ಹೊಸದು. ಕಲಬುರಗಿ, ವಿಜಯಪುರ, ಹುಬ್ಬಳ್ಳಿಗಳಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಮಹಿಳೆಯರದೂ, ಬೆಂಗಳೂರು ಮೈಸೂರುಗಳ ಹೋಳಿಗೆ ಅಂಗಡಿಗಳದೂ ಇದೇ ಕಥೆ. ಒಬ್ಬಳು ಬಿಡುವಿಲ್ಲದೆ ಕೊಳ್ಳುತ್ತಾಳೆ. ಆ ಹಣದಿಂದ ಇನ್ನೊಬ್ಬಳ ಮಕ್ಕಳ ಶಾಲೆಯ ಶುಲ್ಕ ಕಟ್ಟಲು ಸಾಧ್ಯವಾಗುತ್ತದೆ.

ಹಾಗೆಂದು ಪೊಟ್ಟಣದಲ್ಲಿ ದೋಷವೇ ಇಲ್ಲವೆಂದಲ್ಲ. ಸಿದ್ಧ ಮಿಶ್ರಣಗಳಲ್ಲಿ ಉಪ್ಪು, ಸೋಡಾಗಳ ಪ್ರಮಾಣ ನಮ್ಮ ಕೈಯಲ್ಲಿರುವುದಿಲ್ಲ. ಪ್ಲಾಸ್ಟಿಕ್ ಕಸ ಬೆಳೆಯುತ್ತದೆ. ಹಣದ ಲೆಕ್ಕದಲ್ಲಂತೂ ಮನೆಯಲ್ಲಿ ರುಬ್ಬಿದ ಹಿಟ್ಟೇ ಅಗ್ಗ. ಉದ್ದಿನ ಹದ, ಚಳಿಗಾಲದ ಉಪಾಯ, ಊರೂರಿಗೆ ಬೇರೆಯಾದ ರುಚಿ ಇವು ಕೈಯಿಂದ ಕೈಗೆ ಬರುವ ವಿದ್ಯೆಗಳು. ಒಂದು ತಲೆಮಾರು ಬಿಟ್ಟರೆ ಮರಳಿ ಬರುವುದು ಕಷ್ಟ. ಬಿಡುವಿದ್ದಾಗ ರುಬ್ಬುವುದು ಒಳ್ಳೆಯದೇ.

ಆದರೆ ಬಿಡುವು ಯಾರಿಗಿದೆ ಎಂಬುದಕ್ಕೆ ಸರ್ಕಾರದ ಅಂಕಿಅಂಶಗಳೇ ಇವೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಸುಮಾರು ಐದು ಗಂಟೆ ದುಡಿಯುತ್ತಿದ್ದರು. ಪುರುಷರದು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈಹಾಕುವ ಪುರುಷರದು ಮಾತ್ರ. 2024ರ ಸಮೀಕ್ಷೆಯಲ್ಲಿ ಮಹಿಳೆಯರ ಸಮಯ 289 ನಿಮಿಷಕ್ಕೆ ಇಳಿಯಿತು. ಪುರುಷರ ಸಮಯವೂ 88ಕ್ಕೆ ಇಳಿಯಿತು. ಮಿಕ್ಸಿ, ಗ್ರೈಂಡರ್, ಪೊಟ್ಟಣ ಇಷ್ಟೆಲ್ಲ ಬಂದ ಮೇಲೂ ಇಬ್ಬರ ನಡುವಿನ ಅಂತರ ಹೆಚ್ಚುಕಡಿಮೆ ಹಾಗೆಯೇ ಇದೆ.

ಮನೆಯಲ್ಲಿ ರುಬ್ಬಿದ ಹಿಟ್ಟು ಅಗ್ಗ ಎನ್ನುವಾಗ ನಾವು ಅಕ್ಕಿ, ಉದ್ದು, ವಿದ್ಯುತ್ತಿನ ಖರ್ಚನ್ನು ಹಿಡಿಯುತ್ತೇವೆ. ರುಬ್ಬಿದವರ ಹೊತ್ತನ್ನು ಹಿಡಿಯುವುದಿಲ್ಲ. ಅಂಗಡಿಯ ಪೊಟ್ಟಣ ಆ ಹೊತ್ತಿಗೂ ಒಂದು ಬೆಲೆ ಬರೆದು ತೋರಿಸಿತು. ಅದು ದುಬಾರಿ ಎನಿಸುವವರಿಗೆ ಬೇರೆ ದಾರಿಯೂ ಇದೆ. ಉದ್ದು ನೆನೆಹಾಕುವುದಕ್ಕಾಗಲಿ, ಗ್ರೈಂಡರ್ ತೊಳೆಯುವುದಕ್ಕಾಗಲಿ ಗಂಡಸರು ಕೈಹಾಕಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನಿಜವಾಗಿಯೂ ಅದು ಅಷ್ಟೊಂದು ಸುಲಭದ ಕೆಲಸವಾಗಿದ್ದರೆ, ವಾರಕ್ಕೊಮ್ಮೆ ಸರದಿ ತೆಗೆದುಕೊಳ್ಳುವುದು ಯಾರಿಗೂ ಕಷ್ಟವಾಗಬಾರದು.